ಎಕ್ಸ್‌ರೇಗೆ ಕಾಣದ ನನ್ನ ಮಗಳ ಮೊಣಕಾಲು

ಮಾನ್ಯ ಆರೋಗ್ಯಾಧಿಕಾರಿಗಳೇ,

ಸಂತಪುರದ ಜಾಗೃತಿ ಸಭೆಯಲ್ಲಿ ತಾವು ಮೈಕು ಹಿಡಿದು, "ಕುರಿ ಕಾಯೋ ಮಂದಿ ಮಕ್ಕಳನ್ನೂ ಕುರಿ ಅಂತ ತಿಳಿದರೆ ಇಲಾಖೆ ಏನು ಮಾಡ್ಬೇಕು?" ಎಂದು ಕೇಳಿದಿರಿ. ಜನ ನಕ್ಕರು. ಮಗುವಿನ ಕಾಲು ಹಾಳು ಮಾಡಿದವನೆಂದು ತಾವು ಬೆರಳು ತೋರಿಸಿದ ಮುದುಕ ನನ್ನ ಮಾವ ಧೊಂಡಿಬಾ. ಆ ಕಾಲು ನನ್ನ ಮಗಳು ಸೋನಾಲಿಯದು. ಅಂದು ನುಂಗಿಕೊಂಡ ಉತ್ತರವನ್ನು ಇಂದು ಊರೆಲ್ಲ ಓದಲೆಂದೇ ಬರೆಯುತ್ತಿದ್ದೇನೆ.

ನಾವು ಮೊದಲು ಓಡಿದ್ದು ಯಾರ ಬಳಿಗೆ, ವಿಚಾರಿಸಿದಿರಾ? ಕುರಿದೊಡ್ಡಿಯ ಗೋಡೆಯಿಂದ ಜಿಗಿದು ಅವಳ ಮೊಣಕಾಲು ತೆಂಗಿನಕಾಯಿಯಷ್ಟು ಊದಿದಾಗ ಎತ್ತಿಕೊಂಡು ಹೋದದ್ದು ತಮ್ಮದೇ ಸರ್ಕಾರಿ ಆಸ್ಪತ್ರೆಗೆ! ಎಲುಬಿನ ಡಾಕ್ಟರ ಕುರ್ಚಿ ಖಾಲಿ. ಇದ್ದವರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಎಲುಬು ಸಾಬೂತ ಅದ, ಮುರದಿಲ್ಲ. ಬರೇ ಉಳುಕೇದ. ಗುಳಗಿ ನುಂಗಸ್ರಿ" ಎಂದು ಸಾಗಹಾಕಿದರು. ಮಕ್ಕಳ ಎಲುಬಿನ ತುದಿಯಲ್ಲಿ ಅದನ್ನು ಬೆಳೆಸುವ ಮೆತ್ತನೆಯ ಪದರವೊಂದು ಇರುತ್ತದಂತೆ. ಅದಕ್ಕಾದ ಪೆಟ್ಟು ಎಕ್ಸ್‌ರೇಯಲ್ಲಿ ಸುಲಭಕ್ಕೆ ಕಾಣುವುದಿಲ್ಲವಂತೆ. ಹಾಗಾಗಿ ಕಾಲು ಅಲುಗದಂತೆ ಪಟ್ಟಿ ಹಾಕಿ, ಮತ್ತೆ ಕರೆಸಿ ನೋಡಬೇಕಂತೆ. ಇದನ್ನೆಲ್ಲ ಬೀದರಿನ ಡಾಕ್ಟರೊಬ್ಬರು ನನಗೆ ಹೇಳಿದ್ದು ತಿಂಗಳುಗಳು ಕಳೆದ ಮೇಲೆ. ತಮ್ಮ ಘನ ಇಲಾಖೆಗೆ ಇದು ಇನ್ನೂ ಗುಟ್ಟೇ?

ಗುಳಿಗೆಗೆ ನೋವು ನಿಲ್ಲಲಿಲ್ಲ. ಆಗ ಮಾವ ಕೈಹಾಕಿದರು. ಕಾಲು ಮುರಿದ ಮರಿಗೆ ಬಿದಿರಿನ ದಬ್ಬೆ ಕಟ್ಟಿ, ಅದು ಕಾಲೂರಿದ ದಿನ ಬಿಚ್ಚುವುದು ನಮ್ಮ ಮನೆಯ ರೂಢಿ. ಮೊಮ್ಮಗಳಿಗೂ ಹಾಗೆಯೇ ಕಟ್ಟಿದರು. ವಾರದೊಳಗೆ ಎಬ್ಬಿಸಿ ನಿಲ್ಲಿಸಿ, "ಕಾಲ ಊರಿದ್ರ ಎಲುಬು ಕೂಡೇದಂತ ತಿಳಿ. ಊರು ನನ್ನವ್ವ" ಎಂದರು. "ನೋಯ್ತದ ಮುತ್ಯಾ" ಎನ್ನುತ್ತಲೇ ಅವಳು ಊರಿದಳು, ಮುತ್ಯಾನ ಮಾತು ಮೀರಲಾರದೆ. ಅವರು ದಬ್ಬೆ ಬಿಚ್ಚಿಬಿಟ್ಟರು. ತಪ್ಪಾಯಿತು, ನೂರು ಸಲ ತಪ್ಪಾಯಿತು. ಮಾವ ಈಗ ಅವಳ ಎದುರು ಕುಳಿತು ಉಣ್ಣುವುದಿಲ್ಲ. ಆದರೆ ಸ್ವಾಮಿ, ಕುರಿ ಕಾಯುವವರು ಗೊತ್ತಿದ್ದ ಕುರಿಯ ವಿದ್ಯೆಯನ್ನೇ ಬಳಸಿದರು. ಮಕ್ಕಳ ವಿದ್ಯೆ ಬಲ್ಲವರನ್ನು ಆ ಕುರ್ಚಿಯಲ್ಲಿ ಕೂರಿಸಬೇಕಾದವರು ಯಾರು? ತಾವಿರುವುದು ಬರೀ ಭಾಷಣಕ್ಕೇ?

ಈಗ ಆ ಬೆಳೆಸುವ ಪದರ ಕೆಟ್ಟು ಪೆಟ್ಟಾದ ಕಾಲು ಬೆಳೆಯುತ್ತಿಲ್ಲ, ಇನ್ನೊಂದು ಬೆಳೆಯುತ್ತಿದೆ. ತಡವಾದಷ್ಟೂ ಕುಂಟು ಹೆಚ್ಚುತ್ತದೆ, ಬೇಗ ಆಪರೇಶನ್ ಆಗಬೇಕು ಎಂದು ಬೀದರಿನ ಆ ಡಾಕ್ಟರು ಹೇಳಿದ್ದಾರೆ. ಅದನ್ನು ಮಾಡುವುದು ತನ್ನಿಂದ ಆಗದೆಂದೂ ಅವರೇ ಹೇಳಿದ್ದಾರೆ. ಎಲ್ಲಿಗೆ ಹೋಗಬೇಕೆಂದು ತಮ್ಮ ಕಚೇರಿಯಲ್ಲಿ ಕೇಳಿದರೆ "ಸಾಹೇಬ್ರು ಮೀಟಿಂಗ್‌ದಾಗ ಅದಾರ" ಎಂಬ ಒಂದೇ ಮಾತು.

ನಮ್ಮ ಸುತ್ತಿನ ಔರಾದ, ಭಾಲ್ಕಿಯ ಮಕ್ಕಳು ಬಿದ್ದು ಆಸ್ಪತ್ರೆಗೆ ಬಂದಾಗ ಮಕ್ಕಳ ಎಲುಬು ಬಲ್ಲ ಡಾಕ್ಟರು ಎದುರಿಗಿರಬೇಕು. ನನ್ನ ಮಗಳ ಆಪರೇಶನ್ ಎಲ್ಲಿ, ಯಾವಾಗ ಎಂಬುದು ಈ ವಾರವೇ ತಿಳಿಯಬೇಕು. ಆಗದಿದ್ದರೆ ನಮ್ಮೂರು ಎಕಂಬಾಕ್ಕೆ ಬನ್ನಿ. ಮೊನ್ನೆ ಸೋನಾಲಿ ತನ್ನ ಒಳ್ಳೆಯ ಕಾಲನ್ನು ಮುಟ್ಟಿಕೊಂಡು, "ಯವ್ವಾ, ಈ ಕಾಲಿಗಿ ಬೆಳಿಬ್ಯಾಡ ಅಂತ ಹ್ಯಾಂಗ ಹೇಳ್ಲಿ?" ಎಂದು ಕೇಳಿದಳು. ತಾವೇ ಅವಳ ಎದುರು ಕುಳಿತು ಹೇಳಿಕೊಡಿ.

ಇಂತಿ,
ಮಗಳಿಗೆ ಉತ್ತರ ಕೊಡಲಾಗದ ತಾಯಿ,
ಕಾಂತಾಬಾಯಿ, ಎಕಂಬಾ