ಒಬ್ಬರಿಗೊಬ್ಬರು ಗಿರಾಕಿ

ಆಸ್ಟ್ರಿಯಾ, ನದಿದಂಡೆಯ ಹಳೇಪೇಟೆ ಬೀದಿ
೨೧೯೩ನೇ ಇಸವಿ, ಹದಿಮೂರನೇ ತಿಂಗಳು, ಮಂಗಳವಾರ

ಅಜ್ಜಿ ನೀಲಾಂಬಿಕೆಗೆ, ನಿನ್ನ ಮರಿಮೊಮ್ಮಗಳ ಮಗಳು ಶಾಕಾಂಬರಿ ಬರೆಯುವುದು.

ಹಿಂದಿನ ಕಾಗದದಲ್ಲಿ ನೀನು ಬರೆದಿದ್ದೆಯಲ್ಲ, ಚಳಿಗೆ ಕಟ್ಟಿದ್ದ ಆ ಗಂಟಲು ಬಿಟ್ಟಿತೇ? ಚನ್ನವೀರ ಅಜ್ಜನ ಕೆಮ್ಮು ನಿಂತಿತೇ? ಕೂಸು ಬಸಲಿಂಗನಿಗೆ ಹಲ್ಲು ಬಂದವೇ? ಈ ಕಾಗದ ಹಿಂದಕ್ಕೆ ಬಂದು ಮುಟ್ಟುವ ನಿನ್ನ ಕಾಲದಲ್ಲಿ ನಿನಗೀಗ ಇಪ್ಪತ್ತಾರು, ಇಲ್ಲಿ ನನಗೆ ಎಪ್ಪತ್ತೊಂಬತ್ತು. ನಮಸ್ಕಾರ ಬರೆಯಲೋ ಆಶೀರ್ವಾದ ಬರೆಯಲೋ ತಿಳಿಯದೆ ಎರಡನ್ನೂ ಕಳಿಸಿದ್ದೇನೆ. ಅಮ್ಮನ ಬಾಯಿಂದ, ಹಳೆಯ ಖಣದ ಪೊಟ್ಟಣಗಳ ಮೇಲಿನ ಅಕ್ಷರಗಳಿಂದ ಕನ್ನಡ ಕಲಿತವಳು ನಾನು. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೋ.

ಗುಳೇದಗುಡ್ಡದ ಕುಪ್ಪಸದ ಖಣ, ನೂಲು, ಗುಂಡಿ ಮಾರಲು ನೀನು ಈ ಬೀದಿಯಲ್ಲಿ ತೆರೆದ ಅಂಗಡಿ ಇನ್ನೂ ಇದೆ. ಬಾಗಿಲ ಮೇಲೆ ತೂಗುವ ಕಬ್ಬಿಣದ ಕತ್ತರಿಯೂ ಇದೆ. ಆದರೆ ಕೊಳ್ಳಲು ಯಾರೂ ಬೀದಿಗೆ ಬರುವುದಿಲ್ಲ. ಬೇಕಾದದ್ದನ್ನು ಗೋಡೆಗೆ ಹೇಳಿದರೆ ಸಾಕು, ‘ತೂರುಗೂಡು’ ಎಂಬ ಕಿಂಡಿಯಿಂದ ಮನೆಯೊಳಗೇ ಬಂದು ಬೀಳುತ್ತದೆ. ಎಂಟು ದಿನ ಗಿರಾಕಿ ಬಾರದ ಅಂಗಡಿಗೆ ಬೀದಿ ಮಂಡಳಿಯವರು ಗಾಜು ಬಡಿದು ‘ನೋಟದಂಗಡಿ’ ಮಾಡುತ್ತಾರೆ. ಒಳಗೆ ಮೇಣದ ಗೊಂಬೆ ಮಾರುತ್ತದೆ, ಮೇಣದ ಗೊಂಬೆ ಕೊಳ್ಳುತ್ತದೆ. ಪ್ರವಾಸಿಗರು ಹೊರಗೆ ನಿಂತು ನೋಡಿ ಹೋಗುತ್ತಾರೆ. ಗಡಿಯಾರದಂಗಡಿ, ಟೊಪ್ಪಿಯಂಗಡಿ, ನಿನಗೆ ಮೊದಲ ದಿನ ಬಿಸಿ ಬ್ರೆಡ್ಡು ಕೊಟ್ಟವರ ಬೇಕರಿ, ಎಲ್ಲ ಹೀಗೇ ಆದವು.

ಉಳಿದವರು ನಾನು ಮತ್ತು ಎದುರಿನ ಕೈಗವಸಿನ ಅಂಗಡಿಯ ಫ್ಲೋರಿಯನ್. ಉಳಿಯಲೆಂದು ಒಬ್ಬರಿಗೊಬ್ಬರು ಗಿರಾಕಿಯಾದೆವು. ದಿನಾ ಬೆಳಿಗ್ಗೆ ಅವರು ಬಂದು ನನ್ನಿಂದಲೇ ಕಲಿತ ಕನ್ನಡದಲ್ಲಿ, “ಯಕ್ಕಾ, ಇವತ್ತೂ ಒಂದು ಗುಂಡಿ ಹಾರಿತು ನೋಡ್ರಿ, ಹೊಟ್ಟಿ ನನ್ನ ಮಾತು ಕೇಳವಲ್ದು” ಎನ್ನುವರು. “ಗುಂಡಿ ಯಾಕ್ರಿ, ಒಂದಿನ ಉಪಾಸ ಮಾಡ್ರಿ” ಎಂದು ನಾನು. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಹೋಗಿ ಅವರಲ್ಲಿ ಕೈಗವಸು ಕೊಳ್ಳುತ್ತಿದ್ದೆ. ಅವರ ಕೋಟಿನ ತುಂಬ ಬಣ್ಣಬಣ್ಣದ ಗುಂಡಿ, ನನ್ನ ಕಪಾಟಿನ ತುಂಬ ಕೈಗವಸು.

ಹೀಗೊಂದು ಮಧ್ಯಾಹ್ನ ನಾನು ಅಲ್ಲಿದ್ದಾಗ, ನನ್ನ ಮುಚ್ಚಿದ ಬಾಗಿಲ ಮುಂದೆ ಒಬ್ಬ ಹೆಂಗಸು ನಿಂತದ್ದು ಗಾಜಿನಿಂದ ಕಂಡಿತು. ಎದ್ದೆ. ಫ್ಲೋರಿಯನ್, “ಆಕಿ ಬರೇ ನೋಡಾಕ ಬಂದಾಕಿ, ನೀವು ಕುಂದರ್ರಿ” ಎಂದು ಕೈಗವಸು ಕಟ್ಟುತ್ತಲೇ ಇದ್ದರು. ನಾನೂ ಕುಳಿತೆ. ತಿರುಗಿ ಬಂದು ನೋಡಿದರೆ ಬಾಗಿಲ ಹಿಡಿಗೆ ಹಳೆಯ ಖಣದ ಚೂರೊಂದನ್ನು ಗಂಟು ಹಾಕಿ ಹೋಗಿದ್ದಳು. ಅಂಥದೇ ಬೇಕಾಗಿತ್ತೇನೋ. ಬಣ್ಣ ಮಾಸಿದ್ದರೂ ನಮ್ಮ ನೇಯ್ಗೆಯೇ. ಅವಳು ಮತ್ತೆ ಬರಲಿಲ್ಲ.

ಕಳೆದ ವಾರ ಫ್ಲೋರಿಯನ್ ತೀರಿಕೊಂಡರು. ಮಣ್ಣಿಗಿಡುವ ಮುಂಚೆ ಅವರ ಮನೆಯವರು ಆ ಕೋಟು ತೊಡಿಸಿ, ಗುಂಡಿ ಹಾಕಲು ನನ್ನನ್ನು ಕರೆದರು. ಅಂದಿನಿಂದ ನಮ್ಮ ಹೊಸ್ತಿಲು ಯಾರೂ ದಾಟಿಲ್ಲ. ನಾಡಿದ್ದು ಮಂಡಳಿಯವರು ಗಾಜು ತರುತ್ತಾರೆ. ನನ್ನಂಥದೇ ಗೊಂಬೆ ಮಾಡಿಸಲು ಮುಖದ ಅಳತೆ ಕೇಳಿದ್ದಾರೆ. ಕೊಟ್ಟರೆ ಕತ್ತರಿ ತೂಗುತ್ತಿರುತ್ತದೆ, ರಾತ್ರಿ ದೀಪ ಹತ್ತುತ್ತದೆ. ಕೊಡದಿದ್ದರೆ ಬಾಗಿಲಿಗೆ ಇಟ್ಟಿಗೆ ಕಟ್ಟುತ್ತಾರೆ.

ಈ ಬಾಗಿಲು ತೆರೆದವಳು ನೀನು. ಗೊಂಬೆಯಾಗಿಯಾದರೂ ಕುಳಿತಿರಲೋ, ಇಟ್ಟಿಗೆಯೇ ಬರಲಿ ಎನ್ನಲೋ, ನನಗೆ ತೋಚುತ್ತಿಲ್ಲ. ಕೂಸು ಮಲಗಿದ ಮೇಲೆ ಎರಡು ಸಾಲು ಬರೆ ಅಜ್ಜಿ, ನಾಡಿದ್ದರೊಳಗೆ ಕೈಸೇರುವ ಹಾಗೆ.