ದುಪ್ಪಟ್ಟು ಉದ್ದದ ಮೀಸೆ

ಫೆಬ್ರವರಿ 30, 2231

ದಿನಾಂಕ ತಪ್ಪಿಲ್ಲ. ನೆಲದಡಿಯಲ್ಲಿರುವ ನಮಗೆ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಅಳತೆಗಳಿಂದ ಅಂದಾಜು ಕಟ್ಟುವ ರಿಗ್ರೆಶನ್ ಮಾದರಿಗಳ ಸಾರಾಂಶ ಕೊಟ್ಟು ಚಿತ್ರ ಬಿಡಿಸುವ ಸಾಫ್ಟ್‌ವೇರ್ ಪ್ಯಾಕೇಜನ್ನು ನಮಗಿಂತ ಎಷ್ಟೋ ವರ್ಷ ಹಿಂದೆ ನೋಡಿಕೊಳ್ಳುತ್ತಿರುವ ನಿಮಗೆ ಈ ಪತ್ರ. ನಿಮ್ಮ ಕಾಲದ ಬರಹವನ್ನು ಹಳೆಯ ಕಾಗದಗಳಿಂದ ಕಲಿತಿದ್ದೇನೆ. ಎಲ್ಲಾದರೂ ವಿಚಿತ್ರವಾಗಿ ಕಂಡರೆ ಮನ್ನಿಸಿ.

ನನ್ನ ಹೆಸರು ಅಂಬಮ್ಮ. ರಾಯಚೂರು ಸೀಮೆಯ ಒಂದು ಹಳೆಯ ಗಣಿಯೊಳಗೆ ನಾವು ಮುನ್ನೂರ ಒಂಬತ್ತು ಜನ ಇದ್ದೇವೆ. ಮೇಲಿನ ಗಾಳಿಗೆ ವಿಷ ಸೇರಿದಾಗ ನಮ್ಮ ಮುತ್ತಜ್ಜಂದಿರು ಒಳಗೆ ಬಂದು ಬಾಗಿಲು ಹಾಕಿಕೊಂಡರು. ಅದಕ್ಕೆ ಎಂಬತ್ಮೂರು ವರ್ಷವಾಯಿತು. ಅಣಬೆ ಬೆಳೆಯುತ್ತೇವೆ, ಕೋಳಿ ಸಾಕುತ್ತೇವೆ, ಬಂಡೆಯಿಂದ ಜಿನುಗುವ ನೀರನ್ನು ಸೋಸಿ ಕುಡಿಯುತ್ತೇವೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ನನ್ನ ಕೆಲಸಕ್ಕೆ ಇಲ್ಲಿ ಗೆರೆಗಾರಿಕೆ ಎನ್ನುತ್ತಾರೆ. ಮೇಲಿರುವ ನಾಲ್ಕು ಮಾಪಕಗಳು ಗಾಳಿಯನ್ನು ಅಳೆಯುತ್ತವೆ. ವಿಷ ಈಗ ಎಷ್ಟಿರಬಹುದೆಂದು ನಿಮ್ಮ ಪ್ಯಾಕೇಜು ಅಂದಾಜಿಸುತ್ತದೆ. ಪ್ರತಿ ಸೋಮವಾರ ಅದರ ಚಿತ್ರವನ್ನು ಊಟದ ಮನೆಯ ಗೋಡೆಯ ಮೇಲೆ ಬೆಳಕಿನಲ್ಲಿ ತೋರಿಸುತ್ತೇನೆ. ನಡುವೆ ಮನುಷ್ಯ ತಾಳಬಲ್ಲ ಮಿತಿಯ ಗೆರೆ. ಅದರ ಎಡಕ್ಕೆ ಅಂದಾಜಿನ ಚುಕ್ಕೆ. ಅಂದಾಜು ಎಷ್ಟು ತಪ್ಪಬಹುದೆಂದು ಹೇಳುವ ಗೀಟು ಚುಕ್ಕೆಯ ಎರಡೂ ಬದಿಗೆ ಚಾಚಿರುತ್ತದೆ. ಅದಕ್ಕೆ ಮೀಸೆ ಎನ್ನುತ್ತೇವೆ. ಮೀಸೆ ಗೆರೆಗೆ ತಾಗಿದರೆ ಬಾಗಿಲು ತೆಗೆಯುವಂತಿಲ್ಲ. ಪ್ಯಾಕೇಜು ಅಂಕಿಗಳ ಕೋಷ್ಟಕವನ್ನೂ ಕೊಡುತ್ತದೆ, ಆದರೆ ಓದು ಬಾರದವರಿಗೂ ಕಾಣಬೇಕೆಂದು ಹಿರಿಯರು ಚಿತ್ರವನ್ನೇ ಕಾನೂನು ಮಾಡಿದ್ದರು.

ನಾನು ಹುಟ್ಟಿದಾಗಿನಿಂದ ಮೀಸೆ ತಾಗಿಯೇ ಇದೆ.

ಕಳೆದ ತಿಂಗಳು ಕಂಪ್ಯೂಟರಿನಲ್ಲಿ ನಿಮ್ಮ ಕಾಲದ ಅಪ್‌ಡೇಟಿನ ಟಿಪ್ಪಣಿ ಸಿಕ್ಕಿತು. ಹನ್ನೊಂದನೇ ಸಾಲು ಹೀಗಿದೆ: ಒಂದಕ್ಕಿಂತ ಹೆಚ್ಚು ಮಾಪಕಗಳಿದ್ದರೆ ಚಿತ್ರದ ಗೀಟು ದುಪ್ಪಟ್ಟು ಉದ್ದ ಬರುತ್ತದೆ, ಕೋಷ್ಟಕ ಸರಿಯಿದೆ, ಮುಂದಿನ ಆವೃತ್ತಿಯಲ್ಲಿ ತಿದ್ದಲಾಗುವುದು. ಆ ಆವೃತ್ತಿ ಈ ಗಣಿಗೆ ಬರಲೇ ಇಲ್ಲ. ಹಳೆಯ ಕೋಷ್ಟಕಗಳನ್ನೆಲ್ಲ ತೆಗೆದು ನೋಡಿದೆ. ಹತ್ತೊಂಬತ್ತು ವರ್ಷಗಳಿಂದ ಅಂಕಿಗಳು ಮಿತಿಯೊಳಗೇ ಇವೆ.

ನನ್ನ ತಮ್ಮ ಯಂಕೋಬನ ಶ್ವಾಸಕೋಶಕ್ಕೆ ಇಲ್ಲಿಯ ತೇವ ಹತ್ತಿದೆ. ಒಣ ಗಾಳಿ ಸಿಗದಿದ್ದರೆ ಮೂರು ತಿಂಗಳು ಬದುಕುವುದೂ ಕಷ್ಟ ಎಂದು ನಮ್ಮ ದಾದಿ ಹೇಳಿದ್ದಾಳೆ. ನಾನು ಸಭೆ ಕರೆದು ಕೋಷ್ಟಕ ಓದಿದೆ.

“ಯವ್ವಾ, ನಿನ್ನ ಮಾತು ಖರೇ ಇರಬಹುದು,” ಎಂದರು ಹಿರಿಯರಾದ ಅಮರಪ್ಪ. “ಆದ್ರ ಗ್ವಾಡಿ ಮ್ಯಾಲ ಮೀಸಿ ತಾಗೇತಲ್ಲ?”

“ಗ್ವಾಡೀನ ತಪ್ಪೈತಿ ಅಂತ ಹೇಳಾಕತ್ತೀನಿ ಕಾಕಾ.”

“ತಮ್ಮಗ ಬ್ಯಾನಿ ಬಂತು, ಅಕ್ಕಗ ಟಿಪ್ಪಣಿ ಸಿಕ್ತು,” ಎಂದು ಹಿಂದಿನಿಂದ ಯಾರೋ ಅಂದರು. ಕೆಲವರು ನಕ್ಕರು.

ಅವರ ಭಯಕ್ಕೂ ಕಾರಣವಿದೆ. ನಲವತ್ತು ವರ್ಷದ ಹಿಂದೆ ಆರು ಜನ ನಿಮ್ಮ ಪ್ಯಾಕೇಜನ್ನು ತಾವೇ ತಿದ್ದಿ, ಮೀಸೆ ಗಿಡ್ಡ ಮಾಡಿ ಹೊರಗೆ ಹೋದರು. ಯಾರೂ ಹಿಂತಿರುಗಲಿಲ್ಲ. ಅಂದಿನಿಂದ ಪ್ಯಾಕೇಜನ್ನು ಮುಟ್ಟುವುದು ನಿಷಿದ್ಧ. ಬಾಗಿಲು ತೆಗೆಯಲಿ ಎಂದು ಎತ್ತಿದ ಕೈಗಳು ನಲವತ್ತನಾಲ್ಕು. ಅವುಗಳಲ್ಲಿ ಯಂಕೋಬನ ಕೈ ಇರಲಿಲ್ಲ.

ಆಮೇಲೆ ಅವನನ್ನು ಕೇಳಿದೆ. ಕೆಮ್ಮು ನಿಲ್ಲುವವರೆಗೆ ಕಾಯಬೇಕಾಯಿತು. “ನೀ ಸುಳ್ಳು ಹೇಳ್ತಿ ಅಂತಲ್ಲಕ್ಕಾ,” ಎಂದ. “ಸಣ್ಣಾವಿದ್ದಾಗಿಂದ ಅದನ್ನ ನೋಡ್ಕೋತ ಬಂದೀನಿ. ಮೀಸಿ ತಾಗಿದ್ದು ಕಾಣಾಕತ್ತಿದ್ರ ಬಾಗಿಲಾ ದಾಟಾಕ ಕಾಲು ಏಳಂಗಿಲ್ಲ.”

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಹನ್ನೊಂದನೇ ಸಾಲಿನ ಕೆಲಸವನ್ನು ಮುಂದಿನ ಆವೃತ್ತಿಗೆ ಬಿಡಬೇಡಿ. ಪುರುಸೊತ್ತು ಇಲ್ಲದಿದ್ದರೆ ಈ ಆವೃತ್ತಿಯಲ್ಲಿ ಚಿತ್ರವನ್ನೇ ತೆಗೆದುಹಾಕಿ, ಕೋಷ್ಟಕ ಮಾತ್ರ ಕಳಿಸಿ. ನಿಮಗೆ ಅದು ಒಂದು ಮಧ್ಯಾಹ್ನದ ಕೆಲಸವಿರಬಹುದು. ತಿದ್ದುವುದು ಹೇಗೆಂದು ನನಗೂ ಗೊತ್ತು. ಆದರೆ ಅಕ್ಕ ತಿದ್ದಿದ ಚಿತ್ರವನ್ನು ನಂಬಿ ಯಂಕೋಬ ಏಳುವುದಿಲ್ಲ. ನೀವು ಕಳಿಸಿದ್ದಾದರೆ ಏಳುತ್ತಾನೆ.