ಮೆಣಸಿನಕಾಯಿ ಕೆಂಪಗಿತ್ತಂತೆ

ಅಪ್ಪ,

ಈ ವಯಸ್ಸಲ್ಲಿ ನನಗೆ ಬರೆಯೋ ಶಿಕ್ಷೆ ಕೊಟ್ಟವಳು ನಿನ್ನ ಮೊಮ್ಮಗಳು ಮಾದೇವಿ. "ದಿನಾ ತಾತನ ಪಟದ ಮುಂದ ನಿಂತ್ಕಂಡು ಬೈತೀಯಲ್ಲಪ್ಪ, ಒಂದ್ಸಲ ಬರ್ದು ಮುಗ್ಸ್‌ಬುಡು" ಅಂತ ಕಾಗದ ತಂದಿಟ್ಟಳು. ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿದವನು ನೀನು. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ತಿಗನಾರೆಯ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಿದ ದಿನ ನೆನಪಿದೆಯಾ? ನನಗೆ ನಲವತ್ತೈದು, ಮಾದೇವಿಯ ಮಗ ಸಿದ್ದ ಇನ್ನೂ ತೊಟ್ಟಿಲಲ್ಲಿದ್ದ. ಕೆಂಪಗಾದದ್ದನ್ನು ಮಾತ್ರ ಕೀಳು ಅಂದೆ. ನನ್ನ ಕಣ್ಣಿಗೆ ಎಲೆ, ಕಾಯಿ, ಹಣ್ಣು ಎಲ್ಲ ಒಂದೇ. ಒಂದೊಂದನ್ನೂ ಹಿಸುಕಿ, ಮೆತ್ತಗಿದ್ದರೆ ಕೀಳುತ್ತಿದ್ದೆ. ನೀನು ಕುಕ್ಕೆ ನೋಡಿ ಕೂಗಿದೆ: "ಸೋಂಬೇರಿ ನನ್ಮಗನೆ, ಅರ್ದ ಅಸಿಕಾಯೇ ತುಂಬಿದ್ದೀಯಲ್ಲಾ!" ಆ ಹಸಿಕಾಯಿಗಳನ್ನೇ ದಾರಕ್ಕೆ ಪೋಣಿಸಿ ನನ್ನ ಕೊರಳಿಗೆ ಹಾಕಿದೆ. ಕೂಲಿಯ ಹೆಂಗಸರು ನಕ್ಕರು. ನಿನ್ನ ಸೊಸೆ ತಲೆ ತಗ್ಗಿಸಿದಳು. ಎಲ್ಲರಿಗೂ ನನ್ನ ಹಾಗೇ ಕಾಣುತ್ತದೆ, ಅವರು ಜಾಣರು, ನಾನು ದಡ್ಡ ಅಂದುಕೊಂಡಿದ್ದೆನಪ್ಪ.

ಹೋದ ತಿಂಗಳು ಬಸ್ಸು ಓಡಿಸೋ ಕೆಲಸಕ್ಕೆ ಅಂತ ಸಿದ್ದನ ಕಣ್ಣು ತೋರಿಸಲು ಘಾಟಿ ಇಳಿದು ಸತ್ಯಮಂಗಲಕ್ಕೆ ಹೋದೆವು. ಡಾಕ್ಟರು ಚುಕ್ಕಿಗಳ ಪುಸ್ತಕ ತೆರೆದು, ನಂಬರು ಓದು ಅಂದರು. ಸಿದ್ದ ತಡಬಡಿಸಿದ. ನಾನೂ ಬಗ್ಗಿ ನೋಡಿದೆ. ಎಲ್ಲಿದೆ ನಂಬರು? ಬರೀ ಚುಕ್ಕಿ. ಹಿಂದೆ ನಿಂತಿದ್ದ ಮಾದೇವಿ, "ಆರು ಅಂತ ಇಷ್ಟ್ ದೊಡ್ಡದಾಗಿ ಅದಲ್ಲಪ್ಪೋ, ಕಾಣಕಿಲ್ವಾ?" ಅಂದಳು.

ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಮೂರು ಬಗೆಯ ಜೀವಕೋಶಗಳಿವೆಯಂತೆ. ಮೂರೂ ಹೇಳಿದ್ದನ್ನು ಮಿದುಳು ತಾಳೆ ನೋಡಿ ಬಣ್ಣ ಗುರುತಿಸುತ್ತದಂತೆ. ನನ್ನಲ್ಲೂ ಸಿದ್ದನಲ್ಲೂ ಒಂದು ಬಗೆ ಹುಟ್ಟಿನಿಂದಲೇ ಕೆಟ್ಟಿದೆ, ಅದಕ್ಕೇ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲವಂತೆ. ಅವ್ವನಿಂದ ನನಗೆ ಬಂತು, ಮಾದೇವಿಯ ಮೂಲಕ ಸಿದ್ದನಿಗೆ ಹೋಯಿತು. ಅವ್ವ, ಮಾದೇವಿ ಇಬ್ಬರ ಕಣ್ಣು ಮಾತ್ರ ಸರಿ. ಸೋಂಬೇರಿತನ ಎಲ್ಲಿಂದ ಬಂತು, ಹೇಳು?

ಕೆಲಸ ಸಿಗಲಿಲ್ಲ. ವಾಪಸ್ಸು ಬರುವಾಗ ದಿಂಬಂನ ಟೀ ಅಂಗಡಿಯಲ್ಲಿ ಸಿದ್ದ ಲೋಟ ಮುಟ್ಟದೆ, "ನಾನು ಮೈಗಳ್ಳ ಅಲ್ಲ ಕಣ್ ತಾತ" ಅಂದ. ಹೋದ ವರ್ಷ ಅವನು ಬಿಡಿಸಿದ ಹಣ್ಣಾಗದ ಕಾಯಿ ಅಂಗಳದಲ್ಲಿ ಒಣಗಿ ಬಿಳಿಚಿಕೊಂಡಾಗ ಅವನಿಗೆ ಆ ಮಾತು ಅಂದವನು ನಾನೇ. ನಿನ್ನ ನಾಲಿಗೆ ನನ್ನ ಬಾಯಲ್ಲಿ... "ತಪ್ಪಾಯ್ತು ಕಣ್ಲಾ" ಅಂದೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ನನ್ನ ಬಾಯಿಂದ ಬಂದ ಮಾತು ನಿನ್ನ ಬಾಯಿಂದ ಯಾಕೆ ಬರಬಾರದು?

ನಿನಗೆ ಎಡೆ ಇಡುವ ಹಿರಿಮಗ ನಾನು. ಹಿರಿಯರ ಹಬ್ಬದ ಅಮಾವಾಸ್ಯೆ ಬರುವ ಶನಿವಾರ. ಕನಸಲ್ಲಾದರೂ ಬಂದು ಆ ಮಾತು ಹೇಳು. ಹೇಳದಿದ್ದರೆ ಎಲೆ ಹಾಸುವುದಿಲ್ಲ. ಶುಕ್ರವಾರದೊಳಗೆ ಉತ್ತರ ಬೇಕು.